ಬೀಗಿತ್ತಿಗೆ ಒಂದು ಬಟ್ಟಲು ಐಸು

ಜಾವಾದ ಸೋಲೋ ಪಟ್ಟಣದಲ್ಲಿ ನನ್ನಷ್ಟು ಮದುವೆ ಊಟ ಉಂಡವನು ಇನ್ನೊಬ್ಬನಿಲ್ಲ. ಸಾವಿರದ ನಾನೂರು ಮದುವೆ ಎಂದು ನಾನು ಹೇಳುತ್ತೇನೆ. ಕಡಿಮೆ ಹೇಳಿದೆ ಎಂದು ನನ್ನ ಹೊಟ್ಟೆ ಹೇಳುತ್ತದೆ. ಅವುಗಳಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಹನ್ನೆರಡು ಮನೆಯವರು. ಮಿಕ್ಕ ಕಡೆಗೆಲ್ಲ ಹೋದದ್ದು ರುಚಿ ನೋಡುವುದಕ್ಕೆ. ನಮ್ಮಲ್ಲಿ ಮದುವೆ ಗೊತ್ತಾದವರು ಕೇಟರಿಂಗಿನವರ ಹತ್ತಿರ ಹೋದರೆ ಅವರು ಚಮಚದ ತುದಿಯಲ್ಲಿ ಒಂದಿಷ್ಟು ನೆಕ್ಕಿಸಿ ಕಳಿಸುವುದಿಲ್ಲ. "ಶನಿವಾರ ಇಂಥ ಸಭಾಂಗಣದಲ್ಲಿ ನಮ್ಮದೇ ಅಡುಗೆ, ಬಾಟಿಕ್ ಅಂಗಿ ಹಾಕ್ಕೊಂಡು ಬಂದು ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ" ಎನ್ನುತ್ತಾರೆ. ಯಾರದೋ ಮಗಳ ಮದುವೆ, ಯಾರದೋ ಖರ್ಚು, ರುಚಿ ನೋಡುವ ನಾಲಿಗೆ ನಮ್ಮದು. ಮದುವೆ ಮನೆಯವರಿಗೂ ಇದು ಗೊತ್ತು. ಅವರೂ ಇನ್ಯಾರದೋ ಮದುವೆಯಲ್ಲಿ ಹೀಗೇ ಉಂಡು ಬಂದವರು. ಮೂವತ್ತು ವರ್ಷ ಬಾಟಿಕ್ ಅಂಗಡಿಯಲ್ಲಿ ಬಟ್ಟೆ ಅಳೆದು ನಾನು ನಿವೃತ್ತನಾದ ಮೇಲೆ, ಯಾರ ಮನೆಯಲ್ಲಿ ಮದುವೆ ಗೊತ್ತಾದರೂ "ಪಾಕ್ ತರ್ವೋತೋ ಅವರನ್ನ ಕರ್ಕೊಂಡು ಹೋಗಿ, ಅವರ ನಾಲಿಗೆ ತಕ್ಕಡಿ ಇದ್ದ ಹಾಗೆ" ಎಂದು ಜನ ಹೇಳತೊಡಗಿದರು. ಹೆಸರಿನ ಹಿಂದೆ ಗಂಡಸಿಗೆ ಪಾಕ್, ಹೆಂಗಸಿಗೆ ಬು ಎಂದು ಸೇರಿಸುವುದು ನಮ್ಮಲ್ಲಿ ಮರ್ಯಾದೆ. ಅವರು ಹೇಳದ ಕಡೆ ನಾನೇ ಹೇಳಿದೆ.

ಕೇಟರಿಂಗಿನವರ ಮೇಲೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಒಬ್ಬ ಕ್ಯಾರೆಟ್ಟಿನಲ್ಲಿ ಹಂಸ ಕೆತ್ತುತ್ತಾನೆ. ಹಂಸ ನೋಡಿದರೆ ಹಾರಿಹೋಗುವಂತಿರುತ್ತದೆ, ಪಕ್ಕದ ಪಲ್ಯ ನೋಡಿದರೆ ನಾವೇ ಹಾರಿಹೋಗಬೇಕೆನಿಸುತ್ತದೆ. ಇನ್ನೊಬ್ಬ ಕಚೇರಿಗಳಿಗೆ ಡಬ್ಬಿ ಊಟ ಕೊಟ್ಟು ಕೊಬ್ಬಿದವನು. ಮೀಟಿಂಗಿನಲ್ಲಿ ತೂಕಡಿಸುವ ಗುಮಾಸ್ತರಿಗೆ ಅದೇ ಅಮೃತವಿರಬಹುದು. ಮದುವೆಯಲ್ಲಿಯೂ ಅವನ ಅನ್ನ ಡಬ್ಬಿಯ ಆಕಾರದಲ್ಲೇ ಇರುತ್ತದೆ, ನಾಲ್ಕು ಮೂಲೆ ಸಮೇತ. ಮೂರನೆಯವಳು ಬೇಯಿಸಿದ ಮಾಂಸವನ್ನು ಅಗಿದು ನನ್ನ ದವಡೆ ಎರಡು ವಾರ ರಜೆ ಹಾಕಿತ್ತು.

ಆದರೆ ನಮ್ಮೂರ ಊಟದ ಕ್ರಮದ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ. ನೆಂಟರು ಸಾಲು ಸಾಲಾಗಿ ಕುರ್ಚಿಯಲ್ಲಿ ಕೂರುತ್ತಾರೆ. ಕಪ್ಪು ಅಂಗಿಯ ಬಡಿಸುವವರು ಹಲಗೆಗಳ ಮೇಲೆ ತಟ್ಟೆ ಹೊತ್ತು ತರುತ್ತಾರೆ. ಸಾಲಿನ ತುದಿಯಿಂದ ಕೈಯಿಂದ ಕೈಗೆ ದಾಟುತ್ತಾ ತಟ್ಟೆ ನಮ್ಮ ಮಡಿಲಿಗೆ ಬರುತ್ತದೆ. ಮೊದಲು ಸಿಹಿ ಚಹಾ ಮತ್ತು ತಿಂಡಿ, ಆಮೇಲೆ ಸೂಪು, ಆಮೇಲೆ ಅನ್ನ ಮಾಂಸ, ಕೊನೆಗೆ ತೆಂಗಿನ ಹಾಲಿನ ಐಸು. ಐದನೆಯದು ಮನೆ. ಐಸಿನ ಬಟ್ಟಲು ಬಂತೆಂದರೆ ಇನ್ನು ಹೊರಡಿ ಎಂದು ಅರ್ಥ. ಬೇರೆ ಊರಿನವರು ನೆಂಟರನ್ನು ಎಬ್ಬಿಸಲು ಆಕಳಿಸುತ್ತಾರೆ, ಗಡಿಯಾರ ನೋಡುತ್ತಾರೆ. ನಾವು ಐಸು ಕೊಡುತ್ತೇವೆ. ಅದು ಕರಗುವಷ್ಟರಲ್ಲಿ ಹೆಣ್ಣು ಗಂಡು ಮತ್ತು ಇಬ್ಬರ ತಂದೆತಾಯಿ ವೇದಿಕೆಯಿಂದಿಳಿದು ಬಾಗಿಲ ಬಳಿ ನಿಂತಿರುತ್ತಾರೆ. ಅವರ ಕೈ ಹಿಡಿದು ಹೊರಗೆ ನಡೆಯಬೇಕು. ಕೈ ಹಿಡಿಯದೆ ಹೋದವನನ್ನು ನಮ್ಮಲ್ಲಿ ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ.

ನನ್ನ ತಂಗಿ ವರ್ಸಿನಿ ಈ ಕ್ರಮವನ್ನು ಹಿಂದಿನಿಂದ ಮಾತ್ರ ಬಲ್ಲವಳು. ಗಂಡ ತೀರಿಕೊಂಡ ಮೇಲೆ ಕುಪ್ಪಸ ಹೊಲಿದು ಮಗಳನ್ನು ಸಾಕಿದಳು. ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಇಪ್ಪತ್ತೆರಡು ವರ್ಷ ಅವಳು ಅಡುಗೆಯ ಹಿತ್ತಲಲ್ಲಿ ಈರುಳ್ಳಿ ಸುಲಿದಳು, ತೆಂಗಿನಕಾಯಿ ತುರಿದಳು, ಅನ್ನದ ತಟ್ಟೆ ಎಣಿಸಿ ಹೊರಗೆ ಕಳಿಸಿದಳು. ಅವಳು ಸುಲಿದ ಈರುಳ್ಳಿಯನ್ನು ರಾಶಿ ಹಾಕಿದ್ದರೆ ಮೆರಾಪಿ ಪರ್ವತಕ್ಕೆ ನಾಚಿಕೆಯಾಗುತ್ತಿತ್ತು. ಎಷ್ಟೋ ಮದುವೆಗಳಲ್ಲಿ ಹೆಣ್ಣು ಯಾವ ಬಣ್ಣ ಉಟ್ಟಿದ್ದಳೆಂದು ಅವಳಿಗೆ ತಿಳಿದದ್ದು ಆಮೇಲೆ ಬಂದ ಫೋಟೋದಲ್ಲಿ. ಅವಳದು ಒಂದೇ ಆಸೆ. ಮಗಳು ವೆನಿಂಗಳ ಮದುವೆಯ ದಿನ ಮುಂದೆ ಕೂರಬೇಕು, ವೇದಿಕೆಯ ಮೇಲೆ, ಹೆಣ್ಣಿನ ತಾಯಿಯ ಕುರ್ಚಿಯಲ್ಲಿ, ಚಹಾದಿಂದ ಐಸಿನ ತನಕ.

ವೆನಿಂಗ್ ಜಕಾರ್ತದಲ್ಲಿ ನರ್ಸು. ಅಲ್ಲೇ ಬಗಾಸ್ ಎಂಬ ಹುಡುಗನನ್ನು ಒಪ್ಪಿದಳು. ಹುಡುಗ ಒಳ್ಳೆಯವನೇ, ಜಕಾರ್ತದವನು ಎಂಬುದೊಂದನ್ನು ಬಿಟ್ಟರೆ. ಅವನ ತಾಯಿ ಬು ಹಪ್ಸಾರಿ. ಮದುವೆ ಮಾಡಿಕೊಡುವುದು ಹೆಣ್ಣಿನ ಮನೆಯವರು ಎಂಬುದು ಲೋಕಕ್ಕೆಲ್ಲ ಗೊತ್ತು, ಆಕೆಗೆ ಮಾತ್ರ ಯಾರೂ ಹೇಳಿರಲಿಲ್ಲ. ಒಂದು ದಿನ ಫೋನು ಮಾಡಿದಳು.

"ನೋಡಿ ವರ್ಸಿನಿ ಅವ್ರೇ, ನಿಮಗ್ಯಾಕೆ ತೊಂದ್ರೆ. ಇಲ್ಲಿ ನಮ್ಗೆ ಗೊತ್ತಿರೋ ಹೋಟೆಲಿದೆ. ನೂರಾ ಇಪ್ಪತ್ತು ಬಗೆ ಅಡುಗೆ, ಯಾರಿಗೆ ಏನು ಬೇಕೋ ಬಡಿಸ್ಕೋತಾರೆ. ನೀವು ಒಂದು ಒಳ್ಳೇ ಕುಪ್ಪಸ ಹಾಕ್ಕೊಂಡು ರೈಲು ಹತ್ತಿದ್ರೆ ಸಾಕು."

"ನಮ್ಮ ಕಡೆ ಕೂತು ಉಣ್ಣೋದು ಬು," ಎಂದಳು ವರ್ಸಿನಿ.

"ಅದೇ ನನ್ನ ಭಯ. ನಿಮ್ಮೂರಲ್ಲಿ ತಟ್ಟೆ ಎಸೀತಾರಂತಲ್ಲ."

"ಎಸೆಯಲ್ಲ. ದಾಟಿಸ್ತಾರೆ."

"ಅವರು ಕೊಟ್ಟಿದ್ದನ್ನೇ ತಿನ್ಬೇಕು, ಎರಡನೇ ಸಲ ಕೇಳೋ ಹಾಗಿಲ್ಲ. ಆಸ್ಪತ್ರೇಲೂ ಹಾಗೇ ಅಲ್ವಾ."

ಮಾತು ಬೆಳೆದು ಬೆಳೆದು ಒಂದು ಒಪ್ಪಂದಕ್ಕೆ ಬಂತು. ಬು ಹಪ್ಸಾರಿ ಸೋಲೋಗೆ ಬಂದು ಒಂದು ಮದುವೆಯಲ್ಲಿ ಒಂದು ಊಟ ಮಾಡಿ ನೋಡುತ್ತಾಳೆ. ಹಿಡಿಸಿದರೆ ಮದುವೆ ಇಲ್ಲಿ, ಇಲ್ಲದಿದ್ದರೆ ಹೋಟೆಲು. ಫೋನು ಇಟ್ಟು ತಂಗಿ ಸೂಜಿಗೆ ದಾರ ಪೋಣಿಸಲು ನೋಡಿದಳು, ಮೂರು ಸಲ ತಪ್ಪಿತು.

"ಆ ಹೋಟೆಲಲ್ಲಿ ಆದ್ರೆ ನಾನೂ ಒಬ್ಬಳು ನೆಂಟಳು ಅಣ್ಣ. ನನ್ನ ಮಗಳ ಮದುವೆಗೆ ನನಗೇ ಒಂದು ಕಾರ್ಡ್ ಬರತ್ತೆ."

"ನಾನು ಬಿಡ್ತೀನಾ," ಎಂದೆ.

"ನೀನು ಸುಮ್ನೆ ಬಿಡಲ್ಲ ಅನ್ನೋದು ನನ್ನ ಇನ್ನೊಂದು ಭಯ," ಎಂದಳು.

ಹನ್ನೊಂದು ಕೇಟರಿಂಗಿನವರನ್ನು ಮೂಗು ಮುರಿದು ಕಳಿಸಿ ನಾನು ಆರಿಸಿದ್ದು ಬು ಪರ್ತಿನಾಳನ್ನು. ಅವಳ ಸೂಪಿನ ವಾಸನೆಗೆ ಸ್ಮಶಾನದಲ್ಲಿ ಮಲಗಿದ ಅತ್ತೆಯೂ ಎದ್ದು ಕೂತು ಬಟ್ಟಲು ಕೇಳಬೇಕು. ಆದರೆ ಬಾಯಿ ಮಾತ್ರ ಮೆಣಸಿನಕಾಯಿ. ಆ ಶನಿವಾರದ ಮದುವೆಯಲ್ಲಿ ಮೂರು ಕುರ್ಚಿ ಕೊಡಲು ಒಪ್ಪಿ ಹೇಳಿದಳು: "ಹಿಂದಿನ ಸಾಲು, ಬಾಯಿ ಮುಚ್ಕೊಂಡು. ನನ್ನ ಅಡುಗೇನ ನೀವು ಬೈಬಹುದು ಪಾಕ್ ತರ್ವೋತೋ. ನನ್ನ ಕ್ರಮಕ್ಕೆ ಕೈ ಹಾಕ್ಬಾರ್ದು."

ಕೈ ಹಾಕುವವನು ನಾನಲ್ಲ ಎಂದು ಹೇಳಿ ಬಂದೆ.

ಶನಿವಾರ ಬೆಳಿಗ್ಗೆ ಬು ಹಪ್ಸಾರಿ ಬಂದಿಳಿದಳು. ಮೈಮೇಲೆ ಹಾಕಿದ್ದ ರೇಷ್ಮೆಯಲ್ಲಿ ಒಂದು ಹಡಗಿಗೆ ಹಾಯಿ ಕಟ್ಟಬಹುದಾಗಿತ್ತು. ಹನ್ನೊಂದಕ್ಕೆ ಸಭಾಂಗಣದಲ್ಲಿ ಕೂತೆವು. ಏಳುನೂರು ಜನ. ಮುಂದೆ ವೇದಿಕೆ, ವೇದಿಕೆಯ ಪಕ್ಕದಲ್ಲೇ ಅಡುಗೆಮನೆಯ ಬಾಗಿಲು. ಹೊರಬಾಗಿಲು ನಮ್ಮ ಬೆನ್ನ ಹಿಂದೆ. ಗಾಮೆಲಾನ್ ಎಂಬ ಕಂಚಿನ ವಾದ್ಯದವರು ಮೂಲೆಯಲ್ಲಿ ಕೂತು, ಯಾರ ನಿದ್ದೆಯೂ ಕೆಡದ ಹಾಗೆ ಬಾರಿಸುತ್ತಿದ್ದರು.

"ಶಾಲೇಲಿ ಕೂರಿಸಿದ ಹಾಗಿದೆ," ಎಂದಳು ಬೀಗಿತ್ತಿ. "ಹಾಜರಿ ಯಾವಾಗ ಕೂಗ್ತಾರೆ?"

"ಚಹಾ ಬರತ್ತೆ ಈಗ," ಎಂದಳು ವರ್ಸಿನಿ.

ಬಂತು. ಬು ಹಪ್ಸಾರಿ ತಿಂಡಿಯ ಮಾಂಸದ ಸುರುಳಿಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ಪರೀಕ್ಷಿಸುವಂತೆ ತಿರುಗಿಸಿ ನೋಡಿ, ಕಚ್ಚಿದಳು. ಸ್ವಲ್ಪ ಹೊತ್ತಿಗೆ ವರ್ಸಿನಿಯ ತಟ್ಟೆಯಲ್ಲಿದ್ದ ಸುರುಳಿಯ ಕಡೆ ಕಣ್ಣು ಹಾಯಿಸಿದಳು. ವರ್ಸಿನಿ ಅದನ್ನು ತೆಗೆದು ಆಕೆಯ ತಟ್ಟೆಗೆ ಇಟ್ಟಳು.

"ಬೇಡ ಬೇಡ, ಸುಮ್ನೆ," ಎನ್ನುತ್ತಾ ಬೀಗಿತ್ತಿ ಅದನ್ನೂ ಮುಗಿಸಿದಳು.

ಸೂಪು ಬಂತು. ಬಟ್ಟಲನ್ನು ಆಕೆ ಬಾಯಿಗೇ ಎತ್ತಿ ಕುಡಿದದ್ದನ್ನು ನಾನು ಕಣ್ಣಾರೆ ಕಂಡೆ. ವರ್ಸಿನಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಅರ್ಧ ಮದುವೆ ಸೋಲೋದಲ್ಲಿ ಆಗಿಹೋಗಿತ್ತು. ಅನ್ನ ಒಂದು ಬಂದಿದ್ದರೆ ನಮ್ಮ ಕೆಲಸ ಮುಗಿಯುತ್ತಿತ್ತು.

ಆದರೆ ಅನ್ನಕ್ಕೆ ಮುಂಚೆ ಭಾಷಣ ಬಂತು. ಹುಡುಗನ ಕಡೆಯ ಯಾರೋ ಹಿರಿಯರು ಮೈಕು ಹಿಡಿದು ದಾಂಪತ್ಯದ ಬಗ್ಗೆ ಶುರುಮಾಡಿದರು. ಅವರು ಮುಗಿಸುವುದರೊಳಗೆ ಆ ದಂಪತಿಗೆ ಮೊಮ್ಮಕ್ಕಳಾಗುತ್ತಾರೆಂದು ನನಗನ್ನಿಸಿತು. ಸೆಕೆ ಏರಿತು. ಬು ಹಪ್ಸಾರಿ ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳತೊಡಗಿದಳು.

"ಇಲ್ಲೇನು, ಎಸಿ ಇಲ್ವಾ?"

"ಫ್ಯಾನಿದೆ ಬು," ಎಂದೆ.

"ಅದು ಬಿಸಿಗಾಳೀನ ಆ ಕಡೆಯಿಂದ ಈ ಕಡೆಗೆ ದಾಟಿಸ್ತಿದೆ. ನಿಮ್ಮ ತಟ್ಟೆ ಥರ." ಆಕೆ ತನ್ನ ಮಾತಿಗೆ ತಾನೇ ನಕ್ಕಳು. "ನಮ್ಮ ಹೋಟೆಲಲ್ಲಿ ನೋಡಿ, ಐಸ್‌ಕ್ರೀಮು ಯಾವಾಗ ಕೇಳಿದ್ರೂ ಕೊಡ್ತಾರೆ. ಇಲ್ಲಿ ಅವರ ಅಪ್ಪಣೆ ಆಗ್ಬೇಕು ಅಲ್ವಾ."

ಸಾವಿರದ ನಾನೂರು ಮದುವೆ ಉಂಡವನಿಗೆ, ಜಕಾರ್ತದಲ್ಲಿ ಕೈಯಲ್ಲಿ ತಟ್ಟೆ ಹಿಡಿದು ಕೈದಿಗಳ ಹಾಗೆ ಸಾಲು ನಿಲ್ಲುವವಳೊಬ್ಬಳು ಅಪ್ಪಣೆಯ ಮಾತಾಡುತ್ತಾಳೆ. ನನ್ನ ರಕ್ತ ಸೂಪಿಗಿಂತ ಬಿಸಿಯಾಯಿತು.

"ಇಲ್ಲಿ ಯಾರ ಅಪ್ಪಣೆ ನಡೆಯತ್ತೆ ಅಂತ ನೋಡ್ತೀರಾ," ಎಂದೆ.

"ಅಣ್ಣ, ಸುಮ್ನಿರು," ಎಂದಳು ವರ್ಸಿನಿ. ತೊಡೆಯ ಹತ್ತಿರ ಚಿವುಟಿದಳು ಕೂಡ.

ಸೂಪಿನ ಬಟ್ಟಲು ಒಯ್ಯುತ್ತಿದ್ದ ದಪ್ಪ ಮೀಸೆಯ ಬಡಿಸುವವನೊಬ್ಬನನ್ನು ಬೆರಳಿನಲ್ಲಿ ಕರೆದೆ. "ಈ ಅಮ್ಮನವರಿಗೆ ಒಂದು ಬಟ್ಟಲು ಐಸು ತಗೊಂಡ್ಬಾ."

ಅವನು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದ. "ಅನ್ನ ಹೋಗಿಲ್ವಲ್ಲ ಪಾಕ್."

"ನನಗೆ ಕಣ್ಣಿಲ್ವಾ? ಒಂದೇ ಒಂದು ಬಟ್ಟಲು."

"ತುಗಿಮಾನ್ ಅವರನ್ನ ಕೇಳ್ಬೇಕು." ತುಗಿಮಾನ್ ಬಡಿಸುವವರ ಮುಖ್ಯಸ್ಥ.

"ತುಗಿಮಾನ್‌ಗೂ ಮೇಲಿನವಳು ಪರ್ತಿನಾ. ಅವಳೇ ಹೇಳಿದಾಳೆ, ನಾನು ಕೇಳಿದ್ದನ್ನ ಕೊಡು ಅಂತ."

ಇದು ಸುಳ್ಳು. ಒಪ್ಪಿಕೊಳ್ಳುತ್ತೇನೆ. ಆದರೆ ಅಂಥ ಗಟ್ಟಿ ದನಿಯಲ್ಲಿ ಹೇಳಿದ ಸುಳ್ಳನ್ನು ನಂಬದಿರುವ ಶಕ್ತಿ ಮಧ್ಯ ಜಾವಾದಲ್ಲಿ ಯಾರಿಗೂ ಇಲ್ಲ.

ಅವನು ಹೋದ. ತುಗಿಮಾನ್ ಆಗ ಹಿತ್ತಲಲ್ಲಿ ಅನ್ನದ ತಟ್ಟೆ ಎಣಿಸುತ್ತಿದ್ದನಂತೆ. ಮೀಸೆಯವನು ಐಸಿನ ಪೆಟ್ಟಿಗೆ ತೆರೆದು, ಒಂದು ಬಟ್ಟಲು ತುಂಬಿ, ಅದನ್ನು ಅಂಗಿಯ ಮರೆಯಲ್ಲಿ ತರುವಷ್ಟು ಬುದ್ಧಿಯಿಲ್ಲದೆ, ಹಲಗೆಯ ಮೇಲೆ ಇಟ್ಟು, ಹಲಗೆಯನ್ನು ಹೆಗಲ ಎತ್ತರಕ್ಕೆ ಎತ್ತಿ, ಸಭೆಯ ನಟ್ಟನಡುವಿನ ದಾರಿಯಲ್ಲಿ ಮೆರವಣಿಗೆಯಂತೆ ನಡೆದು ಬಂದ. ಏಳುನೂರು ಜೋಡಿ ಕಣ್ಣುಗಳು ಆ ಬಿಳಿ ಗುಂಡನ್ನು ಹಿಂಬಾಲಿಸಿದವು. ಅದು ಬು ಹಪ್ಸಾರಿಯ ಕೈಗೆ ಬಂದು ಕೂತಿತು.

"ನೋಡಿದ್ರಾ," ಎಂದೆ ನಾನು.

ವರ್ಸಿನಿಯ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

ನಮ್ಮ ಮುಂದಿನ ಸಾಲಿನ ಮುದುಕರೊಬ್ಬರು ಹೆಂಡತಿಯ ಕಡೆ ಬಾಗಿದರು.

"ಐಸು ಬಂತು ಕಣೇ."

"ಅನ್ನ?"

"ಶ್. ಇಲ್ಲ ಅಂತ ಕಾಣತ್ತೆ. ಕೇಳ್ಬೇಡ."

"ಅಯ್ಯೋ ಪಾಪ. ಸೂಪಿಗೇ ಮುಗೀತೇನೋ ಅವರ ಶಕ್ತಿ."

"ಅದಕ್ಕೇ ಭಾಷಣ ಎಳೀತಿದಾರೆ. ಏಳು, ಏನೂ ಗೊತ್ತಾಗ್ದೋರ ಹಾಗೆ ಹೋಗ್ಬಿಡೋಣ. ನಾವು ಕೂತಷ್ಟೂ ಅವರಿಗೆ ಅವಮಾನ."

ನಮ್ಮೂರಿನವರಷ್ಟು ಮರ್ಯಾದಸ್ಥ ಮೂರ್ಖರು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಬೇರೆ ಊರಾಗಿದ್ದರೆ ಒಬ್ಬ ಎದ್ದು ನಿಂತು ಅನ್ನ ಎಲ್ಲಿ ಎಂದು ಕೇಳುತ್ತಿದ್ದ. ಎಲ್ಲವೂ ಅಲ್ಲೇ ಸರಿಹೋಗುತ್ತಿತ್ತು. ಸೋಲೋದವನು ಹಸಿದು ಸತ್ತರೂ ಕೇಳುವುದಿಲ್ಲ, ಕೇಳಿದರೆ ಮನೆಯವರಿಗೆ ನೋವಾದೀತೆಂದು. ಪಿಸುಮಾತು ಸಾಲಿನಿಂದ ಸಾಲಿಗೆ ತಟ್ಟೆಯಂತೆಯೇ ದಾಟಿತು. ಐದನೆಯ ಸಾಲಿನಲ್ಲಿ ಹೆಣ್ಣಿನ ತಂದೆಗೆ ಕೆಲಸ ಹೋಗಿತ್ತು, ಹತ್ತನೆಯದರಲ್ಲಿ ಮನೆ ಮಾರಿದ್ದ, ಹದಿನೈದನೆಯದಕ್ಕೆ ಮುಟ್ಟುವಾಗ ಅವನಿಗೆ ವಾಸಿಯಾಗದ ಕಾಯಿಲೆ ಬಂದು ಇಬ್ಬರು ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲರೂ ಕರುಣೆಯಿಂದ ಚೀಲ ಎತ್ತಿಕೊಂಡು ಎದ್ದರು.

ಜನ ಎದ್ದದ್ದು ಕಂಡು ಭಾಷಣದ ಹಿರಿಯರು ತಾವು ಮಿತಿ ಮೀರಿದೆವೆಂದು ನಾಚಿ ಮೈಕು ಕೆಳಗಿಟ್ಟರು. ಮೈಕು ಕೆಳಗಿಟ್ಟದ್ದು ಕಂಡು ವಾದ್ಯದವರು ಬೀಳ್ಕೊಡುವ ರಾಗ ಎತ್ತಿಕೊಂಡರು. ರಾಗ ಕೇಳಿ ವೇದಿಕೆಯ ಮೇಲೆ ಹೆಣ್ಣು ಗಂಡು ಗಲಿಬಿಲಿಯಿಂದ ಒಬ್ಬರನ್ನೊಬ್ಬರು ನೋಡುತ್ತಾ ಎದ್ದು ನಿಂತರು. ಹೆಣ್ಣಿನ ತಾಯಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು, ಜನರ ಕಡೆ ನೋಡಿದಳು, ಬಾಗಿಲಿಗೆ ಹೋಗಿ ಕೈ ಕೊಡುವುದಕ್ಕೆ ಉಡುಗೆಯ ಅಂಚು ಎತ್ತಿಕೊಂಡಳು. ಒಳಗೆ ಏಳುನೂರು ತಟ್ಟೆ ಅನ್ನ ಆವಿಯಾಡುತ್ತಿತ್ತು.

"ನಾನು ಕೇಳಿರ್ಲಿಲ್ಲ ಇದನ್ನ," ಎಂದಳು ಬು ಹಪ್ಸಾರಿ. ಎಲ್ಲರೂ ನೋಡುತ್ತಿದ್ದ ಬಟ್ಟಲನ್ನು ಎಲ್ಲಿಡುವುದೆಂದು ತಿಳಿಯದೆ ಕೈಚೀಲದೊಳಗೆ ಇಟ್ಟುಕೊಂಡಳು.

ನಾನು ಪರಿಸ್ಥಿತಿಯನ್ನು ಅಳೆಯುತ್ತಿದ್ದೆ. ಅಳೆದು ಮುಗಿಸುವುದರೊಳಗೆ ವರ್ಸಿನಿ ಪಕ್ಕದಲ್ಲಿರಲಿಲ್ಲ.

ಅವಳು ಜನರಿಗೆ ಎದುರಾಗಿ ನಡುದಾರಿಯಲ್ಲಿ ಹೋಗುತ್ತಿದ್ದಳು. ಓಡಲಿಲ್ಲ, ಕೂಗಲಿಲ್ಲ. ನೇರವಾಗಿ ವೇದಿಕೆ ಹತ್ತಿ, ಜನ್ಮದಲ್ಲಿ ನೋಡಿರದ ಆ ಹೆಣ್ಣಿನ ತಾಯಿಯ ಎರಡು ಹೆಗಲ ಮೇಲೆ ಕೈಯಿಟ್ಟು ಒತ್ತಿ ಕುರ್ಚಿಯಲ್ಲಿ ಕೂರಿಸಿದಳು. ಆ ಹೆಂಗಸೇ ಆಮೇಲೆ ನಮಗೆ ಹೇಳಿದಂತೆ, ಮಾತು ಇಷ್ಟೇ:

"ಕೂತ್ಕೊಳ್ಳಿ ಅಕ್ಕ. ನಿಮ್ಮ ಅನ್ನ ಇನ್ನೂ ಹೊರಗೆ ಬಂದಿಲ್ಲ. ನೀವು ಕೂತಿದ್ರೆ ಯಾರೂ ಹೋಗೋಕಾಗಲ್ಲ."

"ಯಾರಮ್ಮ ನೀನು?"

"ಅದೆಲ್ಲ ಆಮೇಲೆ. ಮಕ್ಕಳನ್ನೂ ಕೂರಿಸಿ."

ಹೆಣ್ಣು ಗಂಡು ಕೂತರು. ಹೊರಬಾಗಿಲವರೆಗೆ ಬಂದಿದ್ದ ಜನ ತಿರುಗಿ ನೋಡಿದರು. ಕೈ ಹಿಡಿಯಲು ಬಾಗಿಲಲ್ಲಿ ಯಾರೂ ಇಲ್ಲ. ಕೈ ಹಿಡಿಯದೆ ಹೋಗುವಂತಿಲ್ಲ. ಇನ್ನೂರು ಜನ ಹೊಸ್ತಿಲಲ್ಲಿ ಒಂದು ಕಾಲು ಎತ್ತಿದ ಕೊಕ್ಕರೆಗಳಂತೆ ನಿಂತುಬಿಟ್ಟರು. ಅಷ್ಟರಲ್ಲಿ ವರ್ಸಿನಿ ಅಡುಗೆಮನೆ ಹೊಕ್ಕಿದ್ದಳು. ಮುಂದಿನ ಸಾಲಿನಿಂದ ಬಡಿಸಲು ಹೊರಟಿದ್ದ ತುಗಿಮಾನ್‌ನನ್ನು ತಡೆದು, ತಟ್ಟೆಗಳನ್ನು ಪಕ್ಕದ ಜಗಲಿಯಿಂದ ಸುತ್ತಿಸಿ ಹೊರಬಾಗಿಲಿಗೆ ಕಳಿಸಿದಳು. ನಿಂತವರ ಕೈಗೆ ಒಂದೊಂದು ತಟ್ಟೆ. ಅನ್ನದ ತಟ್ಟೆ ಹಿಡಿದು ನಿಂತುಕೊಂಡು ತಿನ್ನುವಷ್ಟು ಸೋಲೋದವನು ಇನ್ನೂ ಕೆಟ್ಟಿಲ್ಲ. ಒಬ್ಬೊಬ್ಬರಾಗಿ ಕುರ್ಚಿ ಹುಡುಕಿಕೊಂಡು ವಾಪಸು ಬಂದರು. ಹೆಣ್ಣಿನ ತಂದೆಯ ಕಾಯಿಲೆಗೆ ಅತ್ತವರು ಎಲ್ಲರಿಗಿಂತ ಬೇಗ ಬಂದರು.

ಅನ್ನ ನಮಗೂ ಬಂತು. ಮಾಂಸ ಬೆಣ್ಣೆಯಂತಿತ್ತು. ಬು ಹಪ್ಸಾರಿ ಒಂದಗುಳೂ ಬಿಡದೆ ತಿಂದಳು. ಆಕೆಯ ಕೈಚೀಲದಿಂದ ತೆಂಗಿನ ಹಾಲು ತೊಟ್ಟಿಕ್ಕುತ್ತಿತ್ತು.

ಊಟ ಮುಗಿದು, ಐಸು ಈ ಸಲ ಸರಿಯಾದ ಹೊತ್ತಿಗೆ ಬಂದು, ನೆಂಟರೆಲ್ಲ ಕೈ ಹಿಡಿದು ಹೋದ ಮೇಲೆ ಹೆಣ್ಣಿನ ತಾಯಿ ಮತ್ತು ಪರ್ತಿನಾ ನಮ್ಮ ಸಾಲಿನ ಮುಂದೆ ಬಂದು ನಿಂತರು. ಪರ್ತಿನಾಳ ಕೈಯಲ್ಲಿ ಸೌಟಿತ್ತು.

"ಐಸು ಹೇಳಿದ್ದು ಯಾರು?" ಎಂದಳು ಪರ್ತಿನಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಾನಲ್ಲ. ಚಾವಣಿ ನೋಡಿದೆ. ಅಲ್ಲಿನ ಮರಗೆಲಸ ಅಪೂರ್ವವಾಗಿತ್ತು.

"ನಮ್ಮಣ್ಣ," ಎಂದಳು ವರ್ಸಿನಿ. "ತಪ್ಪಾಯ್ತು ಅಕ್ಕ."

"ಕೈಗೆ ತಗೊಂಡಿದ್ದು ನಾನು," ಎಂದಳು ಬು ಹಪ್ಸಾರಿ, ಯಾರೂ ಕೇಳದಿದ್ದರೂ.

ಹೆಣ್ಣಿನ ತಾಯಿ ವರ್ಸಿನಿಯ ಎರಡೂ ಕೈ ಹಿಡಿದುಕೊಂಡಳು, ಬಹಳ ಹೊತ್ತು ಬಿಡಲಿಲ್ಲ. ಪರ್ತಿನಾ ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ನನ್ನ ತಾತನ ಪ್ರಸ್ತಾಪವೂ ಇತ್ತು. ಅವನು ಪಾಪ ಐಸು ಕಂಡವನಲ್ಲ.

ಹೊರಗೆ ಜಗಲಿಯಲ್ಲಿ ಬು ಹಪ್ಸಾರಿ ಚೀಲವನ್ನು ತಲೆಕೆಳಗು ಮಾಡಿ ಒರೆಸುತ್ತಿದ್ದಳು. ವರ್ಸಿನಿ ಎದುರಿಗೆ ನಿಂತಿದ್ದಳು. ತೀರ್ಪು ಕೇಳುವವಳ ಹಾಗೆ ಕೈ ಕಟ್ಟಿಕೊಂಡಿದ್ದಳು.

"ನನ್ನ ದೊಡ್ಡ ಮಗಳ ಮದುವೆ ಆ ಹೋಟೆಲಲ್ಲೇ ಆಗಿದ್ದು," ಎಂದಳು ಬು ಹಪ್ಸಾರಿ, ತಲೆಯೆತ್ತದೆ. "ನೂರಾ ಇಪ್ಪತ್ತು ಬಗೆ. ಕುರಿಮಾಂಸ ಕಾಲು ಗಂಟೇಲಿ ಖಾಲಿ. ನಮ್ಮ ಯಜಮಾನರ ಅಕ್ಕ, ಎಪ್ಪತ್ತು ವರ್ಷ, ಖಾಲಿ ತಟ್ಟೆ ಹಿಡ್ಕೊಂಡು ಮೂರು ಸಾಲಲ್ಲಿ ನಿಂತು ನಿಂತು, ಹಾಗೇ ಮನೆಗೆ ಹೋದ್ರು. ನಮ್ಗೆ ಗೊತ್ತಾಗಿದ್ದು ಒಂದು ವಾರ ಆದ್ಮೇಲೆ. ಇವತ್ತಿಗೂ ಅವರು ನಮ್ಮನೆ ಹೊಸ್ತಿಲು ತುಳಿದಿಲ್ಲ."

ವರ್ಸಿನಿ ತನ್ನ ಕರವಸ್ತ್ರವನ್ನು ಆಕೆಗೆ ಕೊಟ್ಟಳು.

"ಇಲ್ಲಿ ಒಂದು ಬಟ್ಟಲು ಹೆಚ್ಚುಕಮ್ಮಿ ಆಗಿದ್ದೂ ಇಡೀ ಊರಿಗೆ ಗೊತ್ತಾಯ್ತು." ಆಕೆ ಚೀಲ ಮುಚ್ಚಿದಳು. "ಸರಿ. ಮದುವೆ ಇಲ್ಲೇ ಮಾಡಿ. ಆದ್ರೆ ಒಂದು ಮಾತು. ಅವತ್ತು ಹಿಂದೆ ಅಡುಗೆಮನೇಲಿ ನೀವೇ ನಿಲ್ಬೇಕು. ಇವತ್ತು ನಿಂತ್ರಲ್ಲ, ಹಾಗೆ. ನೀವಿದ್ರೆ ನನಗೆ ಧೈರ್ಯ."

ಗೆದ್ದ ಕೈಯಲ್ಲೇ ಸೋಲು ಇಟ್ಟ ಹಾಗಾಯಿತು. ನನ್ನ ತಂಗಿ ಇಪ್ಪತ್ತೆರಡು ವರ್ಷ ಯಾರು ಏನು ಹೇಳಿದರೂ ಆಗಲಿ ಎಂದವಳು. ಈಗಲೂ ಹಾಗೇ ಅಂದುಬಿಡುತ್ತಾಳೆ ಎಂದು ನಾನೇ ಮುಂದೆ ಬಂದೆ.

"ಹಿಂದೆ ನಾನು ನಿಲ್ತೀನಿ," ಎಂದೆ.

"ಬೇಡ," ಎಂದರು ಇಬ್ಬರೂ.

ಆಮೇಲೆ ವರ್ಸಿನಿ ಮೆಲ್ಲಗೆ ಹೇಳಿದಳು: "ಇಲ್ಲ ಬು. ನಾನು ಮುಂದೆ ಕೂರ್ತೀನಿ. ಹಿಂದೆ ಪರ್ತಿನಾ ಇರ್ತಾಳೆ."

"ಇವತ್ತು ತಪ್ಪಾಗಿದ್ದು ಅವಳ ಕೈಯಲ್ಲೇ ಅಲ್ವಾ?"

"ಅದಕ್ಕೇ ಅವಳೇ ಬೇಕು. ಇವತ್ತಿನ ದಿನ ಅವಳು ಸಾಯೋ ತನಕ ಮರೆಯಲ್ಲ. ಬೇರೆಯವರಿಗೆ ಈ ಹೆದರಿಕೆ ಎಲ್ಲಿಂದ ತರ್ಲಿ?"

"ಅವತ್ತೂ ಏನಾದ್ರೂ ಎಡವಟ್ಟಾದ್ರೆ?"

"ಆದ್ರೆ ಆಗ್ಲಿ. ನಾನು ಎದ್ದು ಹೋಗಲ್ಲ. ನಾನು ಕೂತಿರೋ ತನಕ ಯಾರೂ ಹೋಗೋ ಹಾಗಿಲ್ಲ, ನೀವೇ ನೋಡಿದ್ರಲ್ಲ."

ಬೀಗಿತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಬೆಳಿಗ್ಗೆ ಆ ಮಾಂಸದ ಸುರುಳಿಯನ್ನು ನೋಡಿದ ಹಾಗೆ. ಆಮೇಲೆ, "ನನಗೊಂದು ಕುಪ್ಪಸ ಹೊಲಿದು ಕೊಡ್ತೀರಾ, ಅವತ್ತಿಗೆ?" ಎಂದಳು.

ಮೂರು ತಿಂಗಳ ಮೇಲೆ ಮದುವೆಯಾಯಿತು. ಹೆಣ್ಣಿನ ತಂದೆಯ ಕುರ್ಚಿಯಲ್ಲಿ, ನ್ಯಾಯವಾಗಿ ನನಗೆ ಸೇರಬೇಕಾದ ಕುರ್ಚಿಯಲ್ಲಿ, ತಂಗಿಯ ಗಂಡನ ಅಣ್ಣನನ್ನು ಕೂರಿಸಿದರು. ಮರದ ಗೊಂಬೆ ಇಟ್ಟಿದ್ದರೂ ಅಷ್ಟೇ ಶೋಭೆಯಿರುತ್ತಿತ್ತು. ನನಗೆ ನಡುವಿನ ಸಾಲು, ಎರಡೂ ಕಡೆ ಒಬ್ಬೊಬ್ಬ ಗಟ್ಟಿ ಸೋದರಳಿಯ. ವರ್ಸಿನಿ ವೇದಿಕೆಯ ಮೇಲೆ ತಾನೇ ಹೊಲಿದ ಹಸಿರು ಕುಪ್ಪಸದಲ್ಲಿ ಕೂತಿದ್ದಳು. ಚಹಾ ಹೋಯಿತು, ಸೂಪು ಹೋಯಿತು. ಆಗ ಹಿಂದೆ ಅಡುಗೆಮನೆಯಲ್ಲಿ ತಟ್ಟೆಗಳ ದೊಡ್ಡ ರಾಶಿಯೊಂದು ಕುಸಿದು ಬಿದ್ದ ಸದ್ದು ಬಂತು. ಅರವತ್ತು ಕಿಲೋಮೀಟರಾಚೆಯ ಜೋಗ್ಜಾದವರೆಗೂ ಕೇಳಿಸಿರಬೇಕು. ವಾದ್ಯದವರ ಕೈ ನಿಂತಿತು. ಸೋದರಳಿಯಂದಿರು ಹಿಡಿಯುವುದರೊಳಗೆ ನಾನು ಅರ್ಧ ಎದ್ದಿದ್ದೆ.

ವೇದಿಕೆಯ ಆ ಬದಿಯ ಕುರ್ಚಿಯಿಂದ ಬು ಹಪ್ಸಾರಿ ಹುಬ್ಬೆತ್ತಿ ಕೇಳಿದಳು. ವರ್ಸಿನಿ ಇಲ್ಲ ಎಂದು ತಲೆಯಾಡಿಸಿದಳು. ಅಡುಗೆಮನೆಯ ಕಡೆ ಮುಖ ತಿರುಗಿಸಲೇ ಇಲ್ಲ. ತೊಡೆಯ ಮೇಲಿನ ಬಟ್ಟೆಯನ್ನು ಮಾತ್ರ ಬಲಗೈಯಲ್ಲಿ ಮುದುಡಿ ಹಿಡಿದಿದ್ದಳು, ಬೆರಳ ಗೆಣ್ಣುಗಳು ಬಿಳಿಚಿದ್ದು ನಾನು ಕೂತಲ್ಲಿಂದಲೇ ಕಂಡಿತು. ಒಂದು ನಿಮಿಷ, ಎರಡು ನಿಮಿಷ. ಬಾಗಿಲಲ್ಲಿ ಕಪ್ಪು ಅಂಗಿ ಕಾಣಿಸಿತು, ಹಲಗೆ ಕಾಣಿಸಿತು, ಅನ್ನ ಕಾಣಿಸಿತು. ತಟ್ಟೆಗಳು ಸಾಲಿನಿಂದ ಸಾಲಿಗೆ ದಾಟುವುದನ್ನು ಅವಳು ಒಂದೊಂದನ್ನೂ ಕಣ್ಣಲ್ಲೇ ಕಳಿಸಿಕೊಟ್ಟಳು. ಕೊನೆಯ ಸಾಲಿನ ಕೊನೆಯ ಕುರ್ಚಿಗೆ ತಟ್ಟೆ ಮುಟ್ಟಿದ ಮೇಲೆ ಬೆರಳು ಸಡಿಲಿಸಿ, ಮುದುಡಿದ ಬಟ್ಟೆಯನ್ನು ಅಂಗೈಯಿಂದ ನಯವಾಗಿ ಸವರಿಕೊಂಡು, ಬೆನ್ನನ್ನು ಕುರ್ಚಿಗೆ ಆನಿಸಿದಳು. ಅಲ್ಲಿಯವರೆಗೆ ಅವಳು ಆನಿಸಿರಲಿಲ್ಲ.

ನನ್ನ ತಟ್ಟೆಯ ಮಾಂಸ ಕಾಲು ಗಂಟೆ ಹೆಚ್ಚು ಬೆಂದಿತ್ತು. ಯಾರಿಗೂ ಹೇಳಲಿಲ್ಲ.